ಕಲಸಿ ಹಾಕಿದರೂ ಮಾಡೆಲ್ ಗೆದ್ದಿತು

ಶ್ವಾಸಕೋಶದ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕಿ, ಆಪರೇಷನ್ ಮಾಡಿ ಗಡ್ಡೆ ಪೂರ್ತಿ ತೆಗೆದಿದ್ದರೂ ಕೆಲವರಿಗೆ ಅದು ಮತ್ತೆ ಬರುತ್ತದೆ. ಯಾರಿಗೆ ಅಂತ ಮೊದಲೇ ತಿಳಿದರೆ ಅವರಿಗಷ್ಟೇ ಕೀಮೋ ಕೊಟ್ಟು, ಉಳಿದವರನ್ನು ಆ ಕಷ್ಟದಿಂದ ಪಾರು ಮಾಡಬಹುದು ಅಲ್ವಾ? ತೆಗೆದ ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ನೋಡಿ ಇದನ್ನು ಹೇಳಬಹುದೇ ಎಂದು ತಿಳಿಯಲು ನಾನು ಕೂತೆ.

ಬಳಸಿದ್ದು ಅಮೆರಿಕ, ಕೆನಡಾದ 442 ಅಡಿನೋಕಾರ್ಸಿನೋಮ (ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ) ಗಡ್ಡೆಗಳ ಡೇಟಾ. 2008ರಲ್ಲಿ ಪ್ರಕಟವಾದದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಜೀನ್‌ಗಳ ಚುರುಕು ಅಳೆಯುವ ಚಿಪ್‌ನಿಂದ ಒಂದೊಂದು ಗಡ್ಡೆಗೂ 22 ಸಾವಿರಕ್ಕಿಂತ ಜಾಸ್ತಿ ಅಳತೆ.

ತಪ್ಪು ಮಾಡಿದ್ದು ಇಲ್ಲೇ. ಎಲ್ಲಾ ರೋಗಿಗಳನ್ನೂ ಸೇರಿಸಿಕೊಂಡು, ಕಾಯಿಲೆ ಮರುಕಳಿಸಿದ್ದಕ್ಕೆ ಚೆನ್ನಾಗಿ ಹೊಂದುವ 50 ಜೀನ್ ಆರಿಸಿದೆ. ಆಮೇಲೆ ರೋಗಿಗಳನ್ನು ಹತ್ತು ಭಾಗ ಮಾಡಿ, ಒಂಬತ್ತರಿಂದ ಅಪಾಯ ಅಂದಾಜು ಮಾಡುವ ಮಾಡೆಲ್ ಕಟ್ಟಿ, ಉಳಿದ ಒಂದರ ಮೇಲೆ ಪರೀಕ್ಷಿಸಿದೆ. ದಿನ ಕಳೆದಂತೆ ಎಷ್ಟು ಜನ ಕಾಯಿಲೆ ಮರುಕಳಿಸದೆ ಉಳಿದರು ಎಂದು ತೋರಿಸುವ ಗ್ರಾಫಿನಲ್ಲಿ, ಅಪಾಯ ಜಾಸ್ತಿ ಎಂದು ಮಾಡೆಲ್ ಹೇಳಿದವರ ಗೆರೆ, ಕಡಿಮೆ ಎಂದವರ ಗೆರೆ ದೂರ ದೂರ ನಿಂತವು. ಖುಷಿಯೋ ಖುಷಿ. ಜೊತೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ನೋಡಿ, "ಫಲಿತಾಂಶದ ಕಾಲಂ ಕಲಸಿ ಒಂದ್ಸಲ ಓಡಿಸಿ ನೋಡಿ" ಅಂದರು. ಯಾರದ್ದೋ ಫಲಿತಾಂಶ ಇನ್ಯಾರಿಗೋ ಅಂಟಿಸಿ ಓಡಿಸಿದೆ. ಗೆರೆಗಳು ಆಗಲೂ ದೂರ ದೂರವೇ! ಪರೀಕ್ಷೆಗೆ ಇಟ್ಟ ರೋಗಿಗಳ ಉತ್ತರವನ್ನು ಜೀನ್ ಆರಿಸುವಾಗಲೇ ನೋಡಿಬಿಟ್ಟಿದ್ದೆ.

ಆಮೇಲೆ ಪ್ರತಿ ಸಲವೂ ಒಂದು ಭಾಗವನ್ನು ಮುಚ್ಚಿಟ್ಟು, ಉಳಿದ ಒಂಬತ್ತರಲ್ಲಿ ಮಾತ್ರ ಜೀನ್ ಆರಿಸಿದೆ. ಗೆರೆಗಳು ಹತ್ತಿರ ಬಂದವು, ಆದರೆ ಕೂಡಲಿಲ್ಲ. ಕಲಸಿದ ಡೇಟಾದಲ್ಲಿ ಮಾತ್ರ ಒಂದರ ಮೇಲೊಂದು ಕೂತವು. ಆಗ ಸ್ವಲ್ಪ ಉಸಿರು ಬಂತು.

ಇನ್ನೊಂದು ಎಚ್ಚರಿಕೆಯೂ ಬೇಕಿತ್ತು. ಎರಡು ವರ್ಷ ಚೆಕಪ್‌ಗೆ ಬಂದು ಆಮೇಲೆ ಬರದೇ ಹೋದವರನ್ನು ಸುಮ್ನೆ "ಮರುಕಳಿಸಿಲ್ಲ" ಎಂದು ಬರೆಯಬಾರದು. ಎರಡು ವರ್ಷದವರೆಗೆ ಇರಲಿಲ್ಲ, ನಮಗೆ ಗೊತ್ತಿರುವುದು ಅಷ್ಟೇ. ಇಂಥ ಅರ್ಧ ಮಾಹಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಕ್ಸ್ ಮಾಡೆಲ್ ಬಳಸಿದ್ದು ಅದಕ್ಕೇ.

ಕೊನೆಗೆ ಜೀನ್, ಲೆಕ್ಕದಲ್ಲಿ ಒಂದೊಂದಕ್ಕೂ ಕೊಟ್ಟ ತೂಕ, ಜಾಸ್ತಿ ಅಪಾಯ ಎಲ್ಲಿಂದ ಶುರು ಎನ್ನುವ ಕಟ್-ಆಫ್ ಎಲ್ಲವನ್ನೂ ಬದಲಿಸದಂತೆ ಬರೆದಿಟ್ಟು ಜಪಾನಿನ 226 ರೋಗಿಗಳ ಡೇಟಾ ತೆರೆದೆ. ಎಲ್ಲರೂ ಒಂದು, ಎರಡನೇ ಹಂತದವರು. ಚಿಪ್ ಬೇರೆ. 127 ಜನರ ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಮ್ಯುಟೇಶನ್ (ಬದಲಾವಣೆ). ಮಾಡೆಲ್ ಇಂಥವರನ್ನು ಜಾಸ್ತಿ ಕಂಡೇ ಇಲ್ಲ. ಹಂತ ಮತ್ತು ವಯಸ್ಸು ಎರಡೇ ಸಾಕಷ್ಟು ಹೇಳಿಬಿಟ್ಟವು. ಆದರೂ ಮೊದಲ ಹಂತದವರನ್ನಷ್ಟೇ ನೋಡಿದಾಗ ಜೀನ್‌ಗಳಿಂದ ಒಂದಿಷ್ಟು ಅಂತರ ಉಳಿಯಿತು. ಹೆಚ್ಚಿನವು ಕೋಶ ವಿಭಜನೆಗೆ ಸಂಬಂಧಿಸಿದ ಜೀನ್‌ಗಳೇ. ಕಟ್-ಆಫ್ ಚೂರು ಸರಿಸಿದ್ದರೆ ಆ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಸರಿಸಲಿಲ್ಲ, ಬಂದದ್ದನ್ನು ಬಂದ ಹಾಗೇ ಬರೆದೆ.