ಬಾವಿ ನೀರಿಗೆ ಒಗ್ಗಿದ ಮೀನುಗಳು

ನಮ್ಮ ಮನೆಯಲ್ಲಿ ಮೀನು ಎಂದರೆ ಮಲ್ಪೆಯಿಂದ ಬರುವ ಬಂಗುಡೆ, ಬೂತಾಯಿ. ಹಾಗಾಗಿ ಉಡುಪಿಯ ಅಂಬಲಪಾಡಿಯ ಮನೆಯ ಚಾವಡಿಯಲ್ಲಿ ಸಾಕುಮೀನಿನ ಗಾಜಿನ ತೊಟ್ಟಿ ತಂದಿಟ್ಟ ದಿನ ಅಮ್ಮ ಒಮ್ಮೆ ಬಗ್ಗಿ ನೋಡಿ, "ಇದು ಗಸಿಗೂ ಆಗುವುದಿಲ್ಲ, ಕಾಯಿಸುವುದಕ್ಕೂ ಆಗುವುದಿಲ್ಲ" ಎಂದು ಒಳಗೆ ಹೋದರು. ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ 56 ಲೀಟರ್; ಮರಳು ಹಾಕಿ, ಮೇಲೆ ಎರಡು ಬೆರಳು ಜಾಗ ಬಿಟ್ಟರೆ ನೀರು ಹಿಡಿಯುವುದು 45 ಲೀಟರ್ ಅಷ್ಟೇ.

ಅಂಗಡಿಯವರು ಮಾತ್ರ ಅದನ್ನು ಕೆರೆ ಎಂದೇ ತಿಳಿದಂತಿತ್ತು. ಎರಡು ಗೋಲ್ಡ್ ಫಿಶ್, ಎರಡು ಏಂಜಲ್, ನಾಲ್ಕು ಟೈಗರ್ ಬಾರ್ಬ್, ನಾಲ್ಕು ಕಪ್ಪು ಮೋಲಿ ಕೊಟ್ಟರು. "ಗಾಜು ತೊಳೆಯುವ ಕೆಲಸ ನಿಮಗೆ ಉಳಿಯುತ್ತದೆ ಮಾರಾಯರೇ" ಎಂದು ಒಂದು ಸಕ್ಕರ್ ಮೀನನ್ನೂ ಪ್ಲಾಸ್ಟಿಕ್ ಲಕೋಟೆಗೆ ಹಾಕಿದರು. ಅದು ಒಂದಡಿಗೂ ಮೀರಿ ಬೆಳೆಯುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಸಂಜೆ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಏಂಜಲ್ ಮೀನಿಗೆ ಹೊಟ್ಟೆಯ ಕೆಳಗೆ ಎರಡು ದಾರದಂತಹ ರೆಕ್ಕೆಗಳಿರುತ್ತವೆ. ಒಂದು ಟೈಗರ್ ಬಾರ್ಬ್ ಹಿಂದಿನಿಂದ ಬಂದು ಆ ದಾರವನ್ನು ಚಿವುಟಿತು, ಓಡಿತು, ಮತ್ತೆ ಬಂತು. ಉಳಿದ ಮೂರೂ ಅದನ್ನೇ ಕಲಿತವು. ಮೂರನೇ ದಿನಕ್ಕೆ ದಾರದ ಬದಲು ಮೋಟು ಉಳಿಯಿತು. ಮೋಲಿಗಳದ್ದು ಬೇರೆಯೇ ಕಥೆ. ಯಾರೂ ಕಚ್ಚದಿದ್ದರೂ ಅವು ರೆಕ್ಕೆ ಮಡಚಿಕೊಂಡು ನಿಂತಲ್ಲೇ ಚಳಿ ಹಿಡಿದವರ ಹಾಗೆ ತೂಗಾಡುತ್ತಿದ್ದವು. ವಾರದೊಳಗೆ ಮೂರು ಸತ್ತವು. ಗೋಲ್ಡ್ ಫಿಶ್‌ಗಳು ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡಿ, ಏಪ್ರಿಲ್ ಸೆಕೆಗೆ ಮೇಲೆ ಬಂದು ಬಾಯಿ ಬಿಡತೊಡಗಿದವು.

ಆಮೇಲೆ ಬುದ್ಧಿ ಬಂದು ಹನಿ ಹಾಕಿ ನೀರು ಪರೀಕ್ಷಿಸುವ ಕಿಟ್ ತಂದೆ. ಮೀನಿನ ಹೊಲಸಿನಿಂದ ಹುಟ್ಟುವ ವಿಷ ಅಮೋನಿಯಾ; ಅದರ ನಳಿಕೆ ಹಳದಿ ಇರಬೇಕಾದದ್ದು ಗಾಢ ಹಸಿರಾಗಿತ್ತು. ನೀರಿನ ಹುಳಿ ತೋರಿಸುವ ಪಿಎಚ್ (ಕಡಿಮೆಯಾದಷ್ಟೂ ಹುಳಿ) 6, ಅಂದರೆ ಆ ಕಿಟ್ ತೋರಿಸುವ ಅತಿ ಕಡಿಮೆ ಅಂಕೆ. ಗಡಸುತನವಂತೂ ಇಲ್ಲವೆಂದೇ ಹೇಳಬಹುದು. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿ. ಸುಣ್ಣದ ಅಂಶವಿಲ್ಲದ ಮೆದು ನೀರು, ತುಸು ಹುಳಿ. ಬೇಳೆ ಬೇಗ ಬೇಯುವ ಈ ನೀರು ಗಡಸು ನೀರಿನ ಮೋಲಿಗೆ ಆಗಿಬರುವುದಿಲ್ಲ. ಯಾವ ಮೀನಿಗೆ ಯಾವ ಮೀನು ಜೋಡಿ ಎಂದು ಯೋಚಿಸುವ ಮೊದಲು ನನ್ನ ಬಾವಿಗೆ ಯಾವುದು ಜೋಡಿ ಎಂದು ನೋಡಬೇಕಿತ್ತು.

ಉಳಿದವನ್ನು ಅಂಗಡಿಗೇ ಹಿಂದಿರುಗಿಸಿದೆ, ಹಣ ಬರಲಿಲ್ಲ. ಹತ್ತಿರದ ತೋಡಿಗೆ ಬಿಡಿ ಎಂದವರಿದ್ದರು. ಹೊರಗಿನ ಮೀನನ್ನು ನಮ್ಮ ತೋಡಿಗೆ ಬಿಡುವುದು ದೊಡ್ಡ ತಪ್ಪು, ಸಕ್ಕರ್ ಮೀನನ್ನಂತೂ ಬಿಡಲೇಬಾರದು.

ಎರಡನೇ ಸಲ ಮೀನಿಲ್ಲದೆ ಶುರು ಮಾಡಿದೆ. ಗೆಳೆಯನ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಂಜಿನ ಒಂದು ತುಂಡನ್ನು ನನ್ನ ಫಿಲ್ಟರಿಗೆ ಸೇರಿಸಿ, ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಬಂದೆ. ಅದು ಕೊಳೆತು ಅಮೋನಿಯಾ ಆಗುತ್ತದೆ. ಸ್ಪಂಜಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ವಿಷ. ಮೂರನೆಯದನ್ನು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ ಹೊರಹಾಕಿದರೆ ಸಾಕು. ಆದರೆ ನೀರು ತೀರಾ ಹುಳಿಯಾದರೆ ಈ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ. ಅದಕ್ಕೆ ಮದ್ದು ಅಡುಗೆಮನೆಯ ಹಿತ್ತಿಲಲ್ಲೇ ಬಿದ್ದಿತ್ತು: ಮರುವಾಯಿ ಸುಕ್ಕ ಮಾಡಿದ ದಿನ ಎಸೆದ ಚಿಪ್ಪು. ಐದು ಚಿಪ್ಪುಗಳನ್ನು ಉಜ್ಜಿ, ಕುದಿಸಿ ಫಿಲ್ಟರ್ ಡಬ್ಬಿಯೊಳಗೆ ಇಟ್ಟೆ. ಹುಳಿ ನೀರಿಗೆ ಅವುಗಳ ಸುಣ್ಣ ನಿಧಾನವಾಗಿ ಕರಗಿ ಪಿಎಚ್ 6.6ರ ಸುತ್ತ ನಿಂತಿತು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದದ್ದು ಐದನೇ ವಾರದಲ್ಲಿ. ಅಲ್ಲಿಯವರೆಗೆ ನೆಂಟರೆಲ್ಲ ಬಂದು ಖಾಲಿ ನೀರನ್ನೇ ನೋಡಿ ಹೋದರು.

ಮೀನು ಆರಿಸುವಾಗ ಎರಡೇ ಷರತ್ತು: ಮೆದು ನೀರು ಆಗಬೇಕು, 30 ಡಿಗ್ರಿ ಸೆಕೆ ತಡೆಯಬೇಕು. ನಿಯಾನ್ ಟೆಟ್ರಾ ಚೆಂದ, ಆದರೆ ಅದಕ್ಕೆ ತಂಪು ಬೇಕು. ಮಲಯ ದೇಶದ ಕಡೆಯ ಹಾರ್ಲಿಕ್ವಿನ್ ರಾಸ್ಬೋರಾ ಎಂಟು ತಂದೆ. ತಾಮ್ರದ ಮೈ, ಬಾಲದ ಕಡೆ ಕಪ್ಪು ತ್ರಿಕೋನ. ಗುಂಪಿನ ಮೀನು, ಎರಡು ಮೂರು ಇಟ್ಟರೆ ಹೆದರಿ ಮೂಲೆ ಸೇರುತ್ತದೆ. ತಳಕ್ಕೆ ನಾಲ್ಕು ಕುಹ್ಲಿ ಲೋಚ್. ಕೇರೆ ಮರಿಯಂತೆ ಬಳುಕುವ ಇವು ಮರಳಿಗೆ ನುಗ್ಗುತ್ತವೆ, ಆದ್ದರಿಂದ ಚೂಪು ಜಲ್ಲಿ ಹಾಕಬಾರದು. ಮೇಲ್ಭಾಗಕ್ಕೆ ಜೇನು ಬಣ್ಣದ ಹನಿ ಗೌರಾಮಿ ಒಂದು ಜೋಡಿ. ಗೌರಾಮಿ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲದು. ಮೇ ತಿಂಗಳ ಗುಡುಗಿಗೆ ಕರೆಂಟ್ ಹೋದ ರಾತ್ರಿ ಅದೊಂದರ ಬಗ್ಗೆ ಚಿಂತೆ ಕಡಿಮೆ. ಉಳಿದವಕ್ಕಾಗಿ ಬ್ಯಾಟರಿಯ ಗಾಳಿ ಪಂಪ್ ತಂದಿಟ್ಟಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಬಿಡದೆ, ವಾರ ಹತ್ತು ದಿನ ಬಿಟ್ಟು ಮೂರು ಕಂತಿನಲ್ಲಿ ಬಿಟ್ಟೆ.

ಅಂಗಳದ ಕಾಡುಬಾದಾಮಿ ಮರದಿಂದ ಒಣಗಿ ಬಿದ್ದ ಒಂದು ಎಲೆಯನ್ನೂ ತೊಳೆದು ಹಾಕಿದೆ. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿ, ರಾಸ್ಬೋರಾಗಳ ತಾಮ್ರ ಎದ್ದು ಕಂಡಿತು. ಇದೇ ಎಲೆಯನ್ನು ಆನ್‌ಲೈನ್‌ನಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಅಮ್ಮನಿಗೆ ಹೇಳಿದರೆ ನಂಬಲಿಲ್ಲ.

ಈಗ ರಾತ್ರಿ ದೀಪ ಆರಿಸುವ ಮೊದಲು ಕುಹ್ಲಿಗಳನ್ನು ಎಣಿಸುವುದು ಅಮ್ಮನೇ. ಒಂದು ವಾರ ಲೆಕ್ಕ ಮೂರಕ್ಕೇ ನಿಂತಿತ್ತು. ನಾಲ್ಕನೆಯದು ಹೋಯಿತು ಎಂದು ನಾನು ಕೈಬಿಟ್ಟಿದ್ದೆ. ಭಾನುವಾರ ಫಿಲ್ಟರ್ ಡಬ್ಬಿ ಬಿಚ್ಚಿದರೆ ಮರುವಾಯಿ ಚಿಪ್ಪುಗಳ ನಡುವೆ ಸುರುಳಿ ಸುತ್ತಿಕೊಂಡು ಆರಾಮವಾಗಿ ಕುಳಿತಿತ್ತು, ಮೊದಲಿಗಿಂತ ದಪ್ಪವಾಗಿ. ಅದನ್ನು ಕೆಳಗೆ ಬಿಟ್ಟು, ನೀರು ಎಳೆಯುವ ಕೊಳವೆಯ ಬಾಯಿಗೆ ಸ್ಪಂಜು ಸಿಕ್ಕಿಸಿದೆ.