ನಮ್ಮೂರಿಗೆ ನಮ್ಮದೇ ಜಿಪ್ ಕೋಡ್: ಅರ್ಜಿಯಿಂದ ಕಾನೂನಿನವರೆಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಸ್ಟ್‌ವೇಲ್ ಅಂತ ಒಂದು ಊರಿದೆ. 2010ರಲ್ಲೇ ಅದು ಪ್ರತ್ಯೇಕ ನಗರವಾಯಿತು. ಆದರೆ ಅಲ್ಲಿನವರು ಆನ್‌ಲೈನ್‌ನಲ್ಲಿ ಏನಾದರೂ ಕೊಳ್ಳಲು ಹೋಗಿ ತಮ್ಮ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ, ಐದಂಕಿಯ ಅಂಚೆ ಸಂಖ್ಯೆ) 92880 ಅಂತ ಒತ್ತಿದರೆ, ಊರಿನ ಹೆಸರಿನ ಜಾಗದಲ್ಲಿ ಪಕ್ಕದ 'ಕರೋನಾ' ನಗರದ ಹೆಸರು ತಾನಾಗಿ ಬಂದು ಕೂರುತ್ತದೆ. ಊರಿನ ಇನ್ನೊಂದು ಭಾಗದ 91752 ಕೂಡ ಬೇರೆಯವರ ಜೊತೆ ಹಂಚಿಕೊಂಡದ್ದೇ.

ಇದೇನು ಅಷ್ಟು ದೊಡ್ಡ ವಿಷಯವಾ? ಹೌದು. 1963ರಲ್ಲಿ ಜಿಪ್ ಕೋಡ್ ಬಂದಾಗ ಅದರ ಗೆರೆ ಎಳೆದದ್ದು ಟಪಾಲು ಹಂಚುವವರ ಅನುಕೂಲಕ್ಕೆ, ಊರಿನ ಗಡಿ ನೋಡಿ ಅಲ್ಲ. ಈಗ ಅದೇ ಐದು ಅಂಕಿ ನೋಡಿ ವಾಹನ ವಿಮೆಯ ದರ ನಿಗದಿಯಾಗುತ್ತದೆ. ಅಂಗಡಿಗಳು ಮಾರಾಟ ತೆರಿಗೆಯನ್ನು ಯಾವ ಊರಿಗೆ ಕಟ್ಟಬೇಕು ಅಂತ ಲೆಕ್ಕ ಹಾಕುತ್ತವೆ. ಕೋಡ್ ಪಕ್ಕದೂರಿನದ್ದಾದರೆ ನಿಮ್ಮ ರಸ್ತೆ ರಿಪೇರಿಗೆ ಬರಬೇಕಾದ ದುಡ್ಡು ಅಲ್ಲಿಗೆ ಹೋಗಬಹುದು. ಸ್ವಂತ ಕೋಡ್ ಕೇಳುವುದು ಬರೀ ಪ್ರತಿಷ್ಠೆಯ ಮಾತು ಅನ್ನುವವರನ್ನು ನಾನು ಒಪ್ಪುವುದಿಲ್ಲ.

ನಮ್ಮವರು ಎಷ್ಟೋ ಜನ ಅಲ್ಲಿನ ಹೊಸ ಬಡಾವಣೆಗಳಲ್ಲಿ ಮನೆ ಮಾಡಿದ್ದಾರೆ. ಅವರಿಗಾಗಿ ದಾರಿ ಹೀಗಿದೆ.

ಮೊದಲು ತೊಂದರೆ ಬರೆದಿಡಿ. ಇದನ್ನು ಅವಸರದಲ್ಲಿ ಮಾಡಬೇಡಿ. ತಪ್ಪು ಮನೆಗೆ ಹೋದ ಔಷಧಿ, ಟಪಾಲಿನಲ್ಲಿ ತಡವಾಗಿ ಬಂದ ಮತಪತ್ರ, ಪಕ್ಕದೂರಿನ ತೆರಿಗೆ ದರ ಹಾಕಿದ ಬಿಲ್ಲು, ಎರಡೂರಲ್ಲೂ ಒಂದೇ ಹೆಸರಿನ ಬೀದಿ ಇರುವುದು, ಎಲ್ಲವನ್ನೂ ತಾರೀಖಿನ ಸಮೇತ ಕೂಡಿಸಿ. ಲಕೋಟೆ, ಬಿಲ್ಲುಗಳ ಫೋಟೋ ಇಟ್ಟುಕೊಳ್ಳಿ. 'ನಮ್ಮೂರಿಗೆ ಗುರುತಿಲ್ಲ' ಅಂದರೆ ಅಂಚೆಯವರು ಕೇಳಿ ಸುಮ್ಮನಾಗುತ್ತಾರೆ. ಬಿಲ್ಲು ತೋರಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಆಮೇಲೆ ಅಂಚೆ ಇಲಾಖೆಗೆ ಅರ್ಜಿ. ಜಿಪ್ ಗಡಿ ಮರುಪರಿಶೀಲನೆಗೆ ಅಮೆರಿಕದ ಅಂಚೆ ಇಲಾಖೆಯಲ್ಲಿ ಒಂದು ಕ್ರಮ ಇದೆ. ನಗರಸಭೆಯ ನಿರ್ಣಯ ಲಗತ್ತಿಸಿ ಜಿಲ್ಲಾ ಮಟ್ಟದ ಅಂಚೆ ಅಧಿಕಾರಿಗೆ ಬರೆಯಿರಿ. 60 ದಿನದೊಳಗೆ ಉತ್ತರ ಸಿಗಬೇಕು. ಅವರು ಒಪ್ಪದಿದ್ದರೆ ಕೇಂದ್ರ ಕಚೇರಿಗೆ ಮೇಲ್ಮನವಿ ಹಾಕಬಹುದು. ಬದಲಾವಣೆ ಸಾಧ್ಯ ಅನಿಸಿದರೆ ಅವರು ನಿವಾಸಿಗಳ ಅಭಿಪ್ರಾಯ ಕೇಳುತ್ತಾರೆ. ಉತ್ತರಿಸಿದವರಲ್ಲಿ ಹೆಚ್ಚಿನವರು ಹೂಂ ಅನ್ನಬೇಕು. ಹಾಗಾಗಿ ಮನೆ ಮನೆಗೆ ಹೋಗಿ ಮೊದಲೇ ಮಾತಾಡಿಸಿ. ವಿಳಾಸ ಬದಲಾದರೆ ಎಷ್ಟು ಕಾಗದ ತಿದ್ದಿಸಬೇಕು ಅನ್ನುವ ಚಿಂತೆಗೇ ಬೇಡ ಅನ್ನುವವರು ಇರುತ್ತಾರೆ.

ಹೊಸ ಕೋಡ್ ಕೊಡುವ ಬದಲು, ಹಳೆ ಕೋಡ್ ಜೊತೆ ನಿಮ್ಮೂರ ಹೆಸರು ಬರೆಯಲು ಅವರು ಒಪ್ಪಬಹುದು. ಸಿಕ್ಕರೆ ತೆಗೆದುಕೊಳ್ಳಿ. ಆದರೆ ವಿಮೆ, ತೆರಿಗೆಯ ಕಂಪ್ಯೂಟರ್‌ಗಳು ನೋಡುವುದು ಅಂಕಿಯನ್ನು. ಆ ತೊಂದರೆ ಹಾಗೇ ಉಳಿಯುತ್ತದೆ.

ಅಂಚೆಯವರ ಮೂಲಕವೇ ಕೆಲಸ ಆದದ್ದೂ ಇದೆ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ರಿಡ್ಜ್‌ವುಡ್ ಮತ್ತು ಗ್ಲೆಂಡೇಲ್ ಹಿಂದೆ ನಗರದ ಇನ್ನೊಂದು ಭಾಗವಾದ ಬ್ರೂಕ್ಲಿನ್‌ನ ಕೋಡ್‌ನಲ್ಲಿದ್ದವು. 1977ರಲ್ಲಿ ಇಡೀ ನಗರಕ್ಕೆ ಕರೆಂಟ್ ಹೋದ ರಾತ್ರಿ ಅದೇ ಕೋಡ್ ಹಂಚಿಕೊಂಡಿದ್ದ ಪಕ್ಕದ ಬ್ರೂಕ್ಲಿನ್‌ನ ಬುಶ್ವಿಕ್‌ನಲ್ಲಿ ಲೂಟಿಯಾಯಿತು, ಬೆಂಕಿ ಬಿತ್ತು. ಅದಾದ ಮೇಲೆ ನಮ್ಮನ್ನು ಬೇರೆ ಮಾಡಿ ಅಂತ ಜನ ಪಟ್ಟು ಹಿಡಿದರು. ಆ ಭಾಗದ ಸಂಸದೆ ಜೆರಾಲ್ಡೀನ್ ಫೆರಾರೊ ಬೆನ್ನು ಹತ್ತಿ 11385 ಕೊಡಿಸಿದರು. ಈಗ ಗ್ಲೆಂಡೇಲ್‌ನವರಿಗೆ ರಿಡ್ಜ್‌ವುಡ್‌ನಿಂದಲೂ ಬೇರೆಯಾದ ಕೋಡ್ ಬೇಕು.

ಅಂಚೆ ಇಲಾಖೆಯಲ್ಲಿ ಆಗದಿದ್ದರೆ ಸಂಸತ್ತು. ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ನೀವು ಕೂಡಿಸಿಟ್ಟ ಕಡತವನ್ನೇ ಒಯ್ಯಿರಿ. ಅಂಚೆಯವರು ಕೊಟ್ಟ ನಿರಾಕರಣೆ ಪತ್ರ ಈಗ ಕೆಲಸಕ್ಕೆ ಬರುತ್ತದೆ. ಬೇರೆ ದಾರಿ ಉಳಿದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಒಂದೇ ಊರಿನ ಮಸೂದೆಗೆ ಬೆಂಬಲ ಸಿಗುವುದು ಕಷ್ಟ. ಅದಕ್ಕೇ ಹಲವು ರಾಜ್ಯಗಳ ಊರುಗಳನ್ನು ಒಂದೇ ಮಸೂದೆಯಲ್ಲಿ ಸೇರಿಸುತ್ತಾರೆ. ಆಗ ಎರಡೂ ಪಕ್ಷದವರು ಕೈಜೋಡಿಸುತ್ತಾರೆ. 2025ರಲ್ಲಿ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಒಪ್ಪಿದ ಮಸೂದೆ ಇಂಥದ್ದೇ. ಈಸ್ಟ್‌ವೇಲ್, ಗ್ಲೆಂಡೇಲ್, ಫ್ಲೋರಿಡಾದ ಮಯಾಮಿ ಲೇಕ್ಸ್ ಎಲ್ಲ ಅದೇ ಪಟ್ಟಿಯಲ್ಲಿದ್ದವು.

ಸಭೆ ಒಪ್ಪಿದರೆ ಮುಗಿಯಲಿಲ್ಲ. ಮೇಲ್ಮನೆಯಾದ ಸೆನೆಟ್ ಒಪ್ಪಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಎರಡು ವರ್ಷದ ಅವಧಿಯೊಳಗೆ ಇದು ಆಗದಿದ್ದರೆ ಮಸೂದೆ ಬಿದ್ದುಹೋಗುತ್ತದೆ, ಹೊಸ ಸಂಸತ್ತಿನಲ್ಲಿ ಮೊದಲಿನಿಂದ ಮಂಡಿಸಬೇಕು. ಆದ್ದರಿಂದ ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳನ್ನೂ ಶುರುವಿನಲ್ಲೇ ಕಾಣಿ. ಇದನ್ನು ಮರೆಯುವವರೇ ಜಾಸ್ತಿ.

ಕಾನೂನು ಬಂದು ಹೊಸ ಕೋಡ್ ಸಿಕ್ಕ ಮೇಲೆ ವಿಳಾಸ ತಿದ್ದಿಸುವ ಕೆಲಸ ನಿಮ್ಮದೇ. ಮತದಾರರ ನೋಂದಣಿ, ವಿಮೆ, ಬ್ಯಾಂಕ್, ಡ್ರೈವಿಂಗ್ ಲೈಸೆನ್ಸ್, ಇದೇ ಕ್ರಮದಲ್ಲಿ ಮಾಡಿ. ಊರಿನ ವಯಸ್ಸಾದವರಿಗೆ ಔಷಧಿ ಟಪಾಲಿನಲ್ಲಿ ಬರುತ್ತಿದ್ದರೆ, ಎಲ್ಲಕ್ಕಿಂತ ಮೊದಲು ಅವರ ಔಷಧಿ ಅಂಗಡಿಗೆ ಫೋನ್ ಮಾಡಿ ಹೊಸ ಕೋಡ್ ಹೇಳಿ.