ಹಳೇ ಶಿಕ್ಷೆ ಇರುವವರ ಅಂಗಡಿ ಕಳವಿನ ಅಪೀಲು: ನಾನು ನಡೆಸುವ ರೀತಿ

ಸೂಪರ್‌ಮಾರ್ಕೆಟ್ಟಿನ ತುಪ್ಪದ ಪ್ಯಾಕೆಟ್ ಇರಲಿ, ಬಟ್ಟೆ ಅಂಗಡಿಯ ಸೀರೆ ಇರಲಿ, ಆರೋಪಿಗೆ ಹಿಂದೆ ಶಿಕ್ಷೆಯಾಗಿದೆ ಎಂದರೆ ಕಡತವನ್ನು ನಾನು ಹಿಂದಿನಿಂದ ಓದುತ್ತೇನೆ. ಮೊದಲು ಶಿಕ್ಷೆಯ ಆದೇಶ, ಆಮೇಲೆ ಚಾರ್ಜು (ಕೋರ್ಟು ಹೊರಿಸಿದ ದೋಷಾರೋಪ), ಕೊನೆಗೆ ಸಾಕ್ಷ್ಯ. "ಆರೋಪಿ ರೂಢಿಗತ ಅಪರಾಧಿ" ಎಂಬ ಸಾಲು ಆದೇಶದಲ್ಲಿ ಸಿಗುತ್ತದೆ; ಅದಕ್ಕೆ ಆಧಾರವಾದ ದಾಖಲೆ ಎಷ್ಟೋ ಸಲ ಕಡತದಲ್ಲಿ ಸಿಗುವುದಿಲ್ಲ. ಅಪೀಲಿನ ಜೀವಾಳ ಇರುವುದು ಅಲ್ಲೇ.

ಮ್ಯಾಜಿಸ್ಟ್ರೇಟ್ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ ಇದೆ. ನಕಲು ಪಡೆಯಲು ಹಿಡಿದ ದಿನಗಳು ಅದರಲ್ಲಿ ಸೇರುವುದಿಲ್ಲ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ನಕಲನ್ನು ಕೂಡಲೇ, ಉಚಿತವಾಗಿ ಕೊಡಬೇಕು (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಕಲಂ 404; ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಸಂಖ್ಯೆಗಳು ಇದರ ಕಲಮುಗಳು). ಒಳಗಿರುವವನು ಜೈಲು ಅಧಿಕಾರಿಯ ಮೂಲಕವೇ ಅಪೀಲು ಕೊಡಬಹುದು (424). ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಯಾರೂ ಅವಧಿ ಕಳೆದುಕೊಳ್ಳಬಾರದು: ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ಸಹಾಯವಾಣಿ 15100.

ವಿಚಾರಣೆಯ ಕಾಲಕ್ಕೆ ಬೇಲ್ ಮೇಲೆ ಹೊರಗಿದ್ದು, ಶಿಕ್ಷೆ ಮೂರು ವರ್ಷ ಮೀರದಿದ್ದರೆ, ತೀರ್ಪು ಕೊಟ್ಟ ಕೋರ್ಟಿನಲ್ಲೇ ಅದೇ ದಿನ 430(3)ರ ಅರ್ಜಿ (ಅಪೀಲು ಹಾಕುವವರೆಗೆ ಬೇಲ್ ಕೇಳುವುದು) ಹಾಕಬೇಕು. ಹಾಗಾಗಿ ತೀರ್ಪಿನ ದಿನ ಶ್ಯೂರಿಟಿದಾರರು ಪಹಣಿ, ಆಧಾರ್ ಹಿಡಿದು ಕೋರ್ಟ್ ಹಾಲಿನ ಹೊರಗೆ ಇರಲೇಬೇಕು. ಹಳೇ ಕೇಸಿನವರು ಮಾತ್ರ ಸಾಮಾನ್ಯವಾಗಿ ಒಳಗಿದ್ದುಕೊಂಡೇ ವಿಚಾರಣೆ ಎದುರಿಸಿರುತ್ತಾರೆ. ಅವರಿಗೆ ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿನ ಐಎ (ಮಧ್ಯಂತರ ಅರ್ಜಿ) ಬೇಕು. ಅದರ ಅಫಿಡವಿಟ್‌ನಲ್ಲಿ ಎಷ್ಟು ದಿನ ಕಳೆದಾಗಿದೆ, ಎಷ್ಟು ಉಳಿದಿದೆ ಎಂದು ಲೆಕ್ಕ ಬರೆಯಿರಿ. ಅಪೀಲು ಮುಗಿಯುವ ಮೊದಲೇ ಶಿಕ್ಷೆ ಮುಗಿದುಹೋಗುತ್ತದೆ ಎಂಬುದಕ್ಕಿಂತ ಬಲವಾದ ವಾದ ಅಮಾನತಿಗೆ ಇನ್ನೊಂದಿಲ್ಲ.

ಈಗ ಹಳೇ ಶಿಕ್ಷೆಯ ವಿಷಯ. ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್, 303(2)ರ ಪ್ರಕಾರ ಸಾದಾ ಕಳವಿಗೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡನೇ ಸಲವಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ, ಜೊತೆಗೆ ದಂಡ. ಈ ಏಣಿ ಹತ್ತಿಸಬೇಕಾದರೆ ಪ್ರಾಸಿಕ್ಯೂಷನ್ ಮೂರು ಕೆಲಸ ಮಾಡಿರಬೇಕು. ಹಿಂದಿನ ಶಿಕ್ಷೆ, ಅದರ ದಿನಾಂಕ, ಸ್ಥಳ ಚಾರ್ಜಿನಲ್ಲಿ ಇರಬೇಕು. ಬಿಟ್ಟುಹೋಗಿದ್ದರೆ ಶಿಕ್ಷೆ ಹೇಳುವ ಮೊದಲು ಸೇರಿಸಬಹುದು (234(7)). ಆರೋಪಿ ಒಪ್ಪದಿದ್ದರೆ, ಹೊಸ ಕೇಸಿನಲ್ಲಿ ದೋಷಿ ಎಂದು ತೀರ್ಮಾನವಾದ ಮೇಲೆ ಪ್ರತ್ಯೇಕ ಸಾಕ್ಷ್ಯ ಪಡೆದು ನಿರ್ಣಯ ಬರೆಯಬೇಕು (271(3)). ಆ ಸಾಕ್ಷ್ಯ 334ರಲ್ಲಿ ಹೇಳಿದಂತೆ ಇರಬೇಕು: ಹಳೇ ಕೋರ್ಟಿನ ದೃಢೀಕೃತ ಪ್ರತಿ, ಅಥವಾ ಜೈಲು ಅಧಿಕಾರಿಯ ಪ್ರಮಾಣಪತ್ರ, ಅಥವಾ ಶಿಕ್ಷೆಯ ವಾರಂಟು. ಅದರ ಜೊತೆಗೆ, ಅಲ್ಲಿ ಶಿಕ್ಷೆಯಾದವನೇ ಇಲ್ಲಿ ನಿಂತಿರುವವನು ಎಂಬ ಗುರುತಿನ ಸಾಕ್ಷ್ಯವೂ ಬೇಕು.

ಈ ಕೊನೆಯ ಮಾತೇ ಹೆಚ್ಚಾಗಿ ಬಿಟ್ಟುಹೋಗುವುದು. ದೃಢೀಕೃತ ಪ್ರತಿಯನ್ನು ಮುಂದಿಟ್ಟುಕೊಂಡು ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಒಂದೊಂದಾಗಿ ಹೋಲಿಸಿ. ಹಳೇ ಪ್ರತಿಯಲ್ಲಿ "ಮಂಜ ಅಲಿಯಾಸ್ ಮಂಜುನಾಥ, 24 ವರ್ಷ" ಎಂದಿದ್ದು, ಆರು ವರ್ಷದ ನಂತರದ ಕೇಸಿನಲ್ಲೂ 25 ಎಂದಿದ್ದರೆ, ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ, ಬೆರಳಚ್ಚು ಹೋಲಿಕೆಯೂ ಇಲ್ಲದಿದ್ದರೆ, ಗುರುತು ಸಾಬೀತಾಗಿಲ್ಲ. ಠಾಣೆಯ ಎಂಓಬಿ ಹಾಳೆ (ಹಳೇ ಅಪರಾಧಿಗಳ ಬಗ್ಗೆ ಪೊಲೀಸರು ಇಡುವ ದಾಖಲೆ) ಶಿಕ್ಷೆಗೆ ಪುರಾವೆಯಲ್ಲ. "ಎಂಟು ಕೇಸಿವೆ" ಎಂಬ ಪಟ್ಟಿಯಲ್ಲಿ ಬಾಕಿ ಇರುವವೆಷ್ಟು, ಖುಲಾಸೆಯಾದವೆಷ್ಟು, ಶಿಕ್ಷೆಯಾದವೆಷ್ಟು ಎಂದು ಸಿ.ಸಿ. ನಂಬರು ಹಿಡಿದು ಇ-ಕೋರ್ಟ್ಸ್‌ನಲ್ಲಿ ನೋಡಿ ಕೋಷ್ಟಕ ಮಾಡಿ. ಹದಿನೆಂಟು ತುಂಬುವ ಮೊದಲು ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಪ್ರಕರಣ ಆ ಪಟ್ಟಿಯಲ್ಲಿದ್ದರೆ ಅಂಥ ಪ್ರಕರಣದಿಂದ ಅನರ್ಹತೆ ಬರಬಾರದು ಎನ್ನುವ ಬಾಲನ್ಯಾಯ ಕಾಯ್ದೆಯ 24ನೇ ಕಲಮನ್ನು ತೋರಿಸಿ ತೆಗೆಸಿ.

ಹಳೇ ಶಿಕ್ಷೆ ಐಪಿಸಿ (ಬಿಎನ್‌ಎಸ್‌ಗೆ ಮುಂಚಿನ ದಂಡ ಸಂಹಿತೆ) 379ರ ಅಡಿಯಲ್ಲಿ ಆಗಿದ್ದರೆ ಇನ್ನೊಂದು ವಾದ ಉಂಟು. 303(2) ಹೇಳುವುದು "ಈ ಕಲಮಿನ ಅಡಿಯಲ್ಲಿ" ಎರಡನೇ ಸಲ ಶಿಕ್ಷೆಯಾದರೆ ಎಂದು. ಐಪಿಸಿ ಶಿಕ್ಷೆ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಅಪೀಲು ಮೆಮೊದಲ್ಲೇ ಬರೆಯಿರಿ, ಬಾಯಿಮಾತಿಗೆ ಬಿಡಬೇಡಿ. ಕಳವು ನಡೆದದ್ದೇ ಬಿಎನ್‌ಎಸ್ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮೊದಲಾದರೆ ಒಂದು ವರ್ಷದ ಕನಿಷ್ಠ ಶಿಕ್ಷೆ ಹೇರುವಂತೆಯೇ ಇಲ್ಲ; ಕೃತ್ಯದ ಕಾಲಕ್ಕೆ ಇದ್ದದ್ದಕ್ಕಿಂತ ಹೆಚ್ಚಿನ ಶಿಕ್ಷೆ ಕೂಡದು ಎನ್ನುವ ಸಂವಿಧಾನದ 20(1) ಅಡ್ಡ ಬರುತ್ತದೆ. ಆದರೆ ಹಿಂದಿನ ಶಿಕ್ಷೆ ಇದ್ದರೆ ಹೊಸ ಶಿಕ್ಷೆಯನ್ನು ಹೆಚ್ಚಿಸುವ ಐಪಿಸಿ 75ನ್ನು ಹಚ್ಚಿದ್ದಾರೆಯೇ ಎಂದು ನೋಡಿಕೊಳ್ಳಿ.

ತನಿಖಾಧಿಕಾರಿಯ ಮುಖ್ಯ ವಿಚಾರಣೆಯನ್ನು (ಪಾಟೀಸವಾಲಿಗೆ ಮೊದಲು ಕೋರ್ಟಿನಲ್ಲಿ ಕೊಟ್ಟ ಸಾಕ್ಷ್ಯ) ಪೂರ್ತಿ ಓದಲೇಬೇಕು. "ಈತನ ಮೇಲೆ ಬೇರೆ ಠಾಣೆಗಳಲ್ಲೂ ಕೇಸಿವೆ" ಎಂದು ಅವರು ಅಲ್ಲೇ ಹೇಳಿದ್ದು, ತೀರ್ಪು ಅದನ್ನು ಕಳವಿಗೇ ಆಧಾರ ಮಾಡಿಕೊಂಡಿದ್ದರೆ ಅದು ಗಂಭೀರ ದೋಷ. ಹಿಂದೆ ಕದ್ದಿದ್ದಾನೆ ಎಂಬುದು ಈಗ ಕದ್ದಿದ್ದಾನೆ ಎಂಬುದಕ್ಕೆ ಸಾಕ್ಷ್ಯವಾಗುವುದಿಲ್ಲ.

ಮಾಲಿನ ಬೆಲೆಯನ್ನೂ ನೋಡಿ. 20,000 ರೂಪಾಯಿ ಮೀರದ ಕಳವು ಈಗ ಸಂಕ್ಷಿಪ್ತ ವಿಚಾರಣೆಗೆ ಬರುತ್ತದೆ (283), ಅಲ್ಲಿ ಮೂರು ತಿಂಗಳಿಗಿಂತ ಹೆಚ್ಚು ಜೈಲು ಕೊಡುವಂತಿಲ್ಲ (285). ಸಂಕ್ಷಿಪ್ತವಾಗಿ ನಡೆಸಿ ಒಂದು ವರ್ಷ ಕೊಟ್ಟಿದ್ದರೆ ಆ ಶಿಕ್ಷೆ ನಿಲ್ಲುವುದಿಲ್ಲ. ಆರ್ಡರ್ ಶೀಟ್ ತರಿಸಿ ಯಾವ ಕ್ರಮದಲ್ಲಿ ನಡೆಸಿದರು ಎಂದು ಖಚಿತ ಮಾಡಿಕೊಳ್ಳಿ.

ಅಂಗಡಿಯವರು ರಾಜಿಗೆ ಸಿದ್ಧರಿರುವುದುಂಟು. 303(2)ರ ಕಳವು ರಾಜಿಯಾಗಬಲ್ಲದು, ಅಪೀಲಿನಲ್ಲಿ ಕೋರ್ಟಿನ ಅನುಮತಿ ಬೇಕು. ಆದರೆ ಹಳೇ ಶಿಕ್ಷೆಯಿಂದಾಗಿ ಹೆಚ್ಚಿನ ಶಿಕ್ಷೆಗೆ ಗುರಿಯಾಗುವವನಿಗೆ 359(7) ಆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಹಳೇ ಶಿಕ್ಷೆ ಸಾಬೀತಾಗಿಲ್ಲ ಎಂಬ ವಾದ ಮೊದಲು, ರಾಜಿ ಆಮೇಲೆ. ಮಾಲು ಇಡುವ ಕಟ್ಟಡ ಎಂದು ಬಿಎನ್‌ಎಸ್ 305 ಹಾಕಿದ್ದರೆ (ಹಳೆಯ ಐಪಿಸಿ 380) ಶಿಕ್ಷೆ ಏಳು ವರ್ಷದವರೆಗೆ, ರಾಜಿಯೂ ಇಲ್ಲ.

ಸಿಸಿಟಿವಿ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ನೋಡುತ್ತೇನೆ. ಡಿವಿಆರ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿಕೊಂಡ ದೃಶ್ಯಕ್ಕೆ ಪ್ರಮಾಣಪತ್ರ ಕಡ್ಡಾಯ. ಆದರೆ ಕೆಳಗಿನ ಕೋರ್ಟಿನಲ್ಲಿ ಆಕ್ಷೇಪ ಎತ್ತದೆ ಅಪೀಲಿನಲ್ಲಿ ಮೊದಲ ಸಲ ಎತ್ತಿದರೆ ಅಂಥ ಆಕ್ಷೇಪವನ್ನು ವಿಚಾರಣೆಯಲ್ಲೇ ಎತ್ತಬೇಕು ಎನ್ನುವ ಸುಪ್ರೀಂ ಕೋರ್ಟಿನ 2017ರ ಸೋನು ತೀರ್ಪು ಎದುರಾಗುತ್ತದೆ.

ತಪ್ಪೊಪ್ಪಿಕೊಂಡು ಶಿಕ್ಷೆಯಾದವರಿಗೆ ಅಪೀಲು ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಗೆ ಮಾತ್ರ ಸೀಮಿತ (416). ಕಳೆದ ದಿನಗಳಿಗೇ ಶಿಕ್ಷೆ ಮುಗಿಯುತ್ತದೆ ಎಂದು ಜೈಲಿನಲ್ಲಿ ಒಪ್ಪಿಕೊಳ್ಳುವ ಬಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದೇ ಮುಂದಿನ ಕೇಸಿನ "ಹಿಂದಿನ ಶಿಕ್ಷೆ" ಆಗುತ್ತದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಶಿಕ್ಷೆ ಇಳಿಸಲು ಕೇಳುವಾಗ ಪ್ರೊಬೇಷನ್ ಕಾಯ್ದೆಯ (ಜೈಲಿಗೆ ಕಳಿಸದೆ ಬಿಡಲು ಅವಕಾಶ ಕೊಡುವ ಕಾಯ್ದೆ) 3ನ್ನು ಬಿಟ್ಟು 4ನ್ನು ಹಿಡಿಯಿರಿ. ಹಿಂದಿನ ಶಿಕ್ಷೆ ಇರಬಾರದು ಎಂಬ ಷರತ್ತು ಇರುವುದು 3ರಲ್ಲಿ, 4ರಲ್ಲಿ ಅಲ್ಲ. ಆರೋಪಿಯ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ, ಆದರೆ ಸರ್ಕಾರ 418ರಲ್ಲಿ ಬೇರೆ ಅಪೀಲು ಹಾಕಿದೆಯೇ ಎಂದು ವಿಚಾರಿಸಿಕೊಳ್ಳಿ. ಬೇರೆ ಕೇಸಿನ ಸಜೆಯನ್ನು ಈಗಾಗಲೇ ಅನುಭವಿಸುತ್ತಿದ್ದರೆ 467ರ ಪ್ರಕಾರ ಹೊಸ ಸಜೆ ಅದು ಮುಗಿದ ಮೇಲೆ ಶುರು. ಎರಡೂ ಜೊತೆಗೆ ಸಾಗಲಿ ಎಂದು ಪ್ರಾರ್ಥನೆಯಲ್ಲೇ ಕೇಳಬೇಕು. ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು ಕಳೆಯುವ 468ರ ಲೆಕ್ಕವನ್ನು ಜೈಲಿನ ಪ್ರಮಾಣಪತ್ರದ ಜೊತೆ ಲಗತ್ತಿಸಿ.

ಅಪೀಲು ಗೆದ್ದ ದಿನ ಬಿಡುಗಡೆ ಆದೇಶ ಜೈಲು ತಲುಪಿದರೂ, ಇನ್ನೊಂದು ಠಾಣೆಯ ಕೇಸಿಗೆ ಹಾಜರುಪಡಿಸಲು ಹೊರಡಿಸಿದ ಬಾಡಿ ವಾರಂಟು ಬಾಕಿ ಇದ್ದರೆ ಗೇಟು ತೆರೆಯುವುದಿಲ್ಲ. ಮೊದಲು ಮಾಡಿಟ್ಟ ಕೋಷ್ಟಕದಲ್ಲಿ ಬಾಕಿ ಎಂದು ಬರೆದ ಪ್ರತಿ ಕೇಸಿಗೂ ವಾದದ ದಿನಾಂಕಕ್ಕೆ ಮುಂಚೆಯೇ ಬೇಲ್ ಆಗಿರಬೇಕು, ಶ್ಯೂರಿಟಿ ಬರೆದಿರಬೇಕು.